ರಕ್ತದಾನವೂ ದಾಸೋಹವೇ

ಶರಣರು ದಾಸೋಹವೆಂದಾಗ ಅನ್ನವೊಂದನ್ನೇ ಹೇಳಲಿಲ್ಲ. ತನು, ಮನ, ಧನ ಮೂರನ್ನೂ ಹೇಳಿದರು. ಧನದಾಸೋಹಕ್ಕೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಮನೆತನಗಳು ಹಿಂಜರಿಯುವವಲ್ಲ. ರಕ್ತದಾನವೆಂದೊಡನೆ ಮಾತ್ರ ಎಷ್ಟೋ ಹಿರಿಯರು ‘ಹುಡುಗನಿಗೆ ನಿಶ್ಶಕ್ತಿಯಾದೀತು’ ಎಂದು ತಡೆಯುವರು.

ಆರೋಗ್ಯವಂತರ ವಿಷಯದಲ್ಲಿ ಈ ಭಯ ನಿರಾಧಾರ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಅದರ ದ್ರವಾಂಶ ಒಂದೆರಡು ದಿನಗಳಲ್ಲಿಯೂ ಕೆಂಪುಕಣಗಳು ಕೆಲವು ವಾರಗಳಲ್ಲಿಯೂ ತುಂಬಿಕೊಳ್ಳುತ್ತವೆ. ದಾನಿಗೆ 18 ವರ್ಷ ತುಂಬಿರಬೇಕು. ತೂಕ 45 ಕಿಲೋಗಿಂತ, ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆಯಿರಬಾರದು. ಉಪವಾಸದಲ್ಲಿ ಕೊಡಲಾಗದು, ಶ್ರಾವಣ ಸೋಮವಾರದ ವ್ರತಸ್ಥರು ಬೇರೆ ದಿನ ಆರಿಸಿಕೊಳ್ಳಬೇಕು.

ಮೊದಲ ಸಲ ಕೊಡುವವರ ವಯಸ್ಸು 60 ಮೀರಿರಬಾರದೆಂಬ ನಿಯಮವೂ ಉಂಟು. ಅರವತ್ತು ದಾಟಿದ ನಾವು ಶಿಬಿರವೊಂದರಲ್ಲಿ ಕೈಯೊಡ್ಡಿದಾಗ ವೈದ್ಯರು ಇದನ್ನೇ ತಿಳಿಸಿ ಗೌರವದಿಂದ ಮರಳಿಸಿದರು. ಮೊದಲೇ ಕೊಟ್ಟವರಿಗೆ 65ರವರೆಗೆ ಅವಕಾಶವಿದೆ. ಆದ್ದರಿಂದ ಈ ಪುಣ್ಯವನ್ನು ಮುಪ್ಪಿಗೆಂದು ಮುಂದೂಡಲಾಗದು.

ನಿಪ್ಪಾಣಿಯ ಹೆದ್ದಾರಿಯಲ್ಲಿ ಅಪಘಾತವಾದಾಗ, ಕಾಗವಾಡದ ಬಾಣಂತಿಯನ್ನು ಮಿರಜಕ್ಕೆ ಒಯ್ದಾಗ, ಬೇಕಾದ ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಮೇರೆಗೆ, ರಕ್ತ ಮಾರುವವರಿಂದ ಅದನ್ನು ಪಡೆಯುವುದು 1998ರಿಂದ ನಿಷಿದ್ಧ. ಉಳಿದವರು ದಾನಿಗಳು ಮಾತ್ರ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟ ರಕ್ತದ ಗುಂಪುಗಳು ಜಾತಿಯನ್ನರಿಯವು. ಎಲ್ಲ ಕುಲಗಳಲ್ಲಿಯೂ ಅವೇ ಇವೆ. ಬಸವಣ್ಣನವರ ಅನುಯಾಯಿಗಳಿಗೆ ಇದು ಹೊಸ ಮಾತಲ್ಲ. ಬರುವ ಬಸವಜಯಂತಿಯಂದು ಮಠಮಠಗಳ ಅಂಗಳದಲ್ಲಿ ಪ್ರಸಾದದ ಪಂಕ್ತಿಯೊಡನೆ ರಕ್ತದಾನವೂ ನಡೆಯಲಿ. ಹದಿನೆಂಟು ತುಂಬಿದ ಮಗನನ್ನೂ ಮಗಳನ್ನೂ ತಂದೆತಾಯಿಗಳೇ ಕರೆತರಲಿ.