ನಿಮ್ಮ ಸ್ಕ್ಯಾನ್ ಚಿತ್ರಗಳು ಎಲ್ಲಿವೆ?

ಎದೆಯ ಎಕ್ಸ್-ರೇಯಲ್ಲಿ ಸಣ್ಣದೊಂದು ಕಲೆ ಕಂಡರೆ ವೈದ್ಯರು ಮೊದಲು ಕೇಳುವುದು, "ಹಳೆಯ ಎಕ್ಸ್-ರೇ ಇದೆಯೇ?" ಎಂದು. ಎರಡು ವರ್ಷಗಳ ಹಿಂದಿನ ಚಿತ್ರದಲ್ಲೂ ಅದೇ ಕಲೆ ಅಷ್ಟೇ ಗಾತ್ರದಲ್ಲಿ ಇದ್ದರೆ, ಅದು ಅಪಾಯಕಾರಿ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಎಂದೋ ಬಂದು ಹೋದ ಸೋಂಕಿನ ಗುರುತಾಗಿರಬಹುದು. ಹಳೆಯ ಚಿತ್ರ ಸಿಗದಿದ್ದರೆ ಸಿ.ಟಿ. ಸ್ಕ್ಯಾನ್, ಕಫ ಪರೀಕ್ಷೆ, ಕೆಲವೊಮ್ಮೆ ಬಯಾಪ್ಸಿಯವರೆಗೂ ಹೋಗಬೇಕಾಗುತ್ತದೆ. ಮನೆಮಂದಿಯೆಲ್ಲ ಆತಂಕದಲ್ಲಿ ದಿನ ಕಳೆಯಬೇಕಾಗುತ್ತದೆ. ಮಹಿಳೆಯರ ಮ್ಯಾಮೊಗ್ರಾಂ ವಿಷಯದಲ್ಲೂ ಹೀಗೆಯೇ. ಹಿಂದಿನ ಚಿತ್ರದೊಂದಿಗೆ ಹೋಲಿಸಿ ನೋಡಿದರೆ ಅನಗತ್ಯ ಮರುಪರೀಕ್ಷೆ ತಪ್ಪುತ್ತದೆ.

"ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುತ್ತದಲ್ಲ" ಎಂದು ನೀವು ನಿಶ್ಚಿಂತೆಯಿಂದ ಇರಬಹುದು. ಆದರೆ ಅಲ್ಲಿ ಎಲ್ಲ ಚಿತ್ರಗಳೂ ಎಲ್ಲ ಕಾಲಕ್ಕೂ ಇರುವುದಿಲ್ಲ. ಅದು ಏಕೆ ಎಂದು ತಿಳಿದುಕೊಂಡರೆ ನೀವು ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಚಿತ್ರಗಳ ರಾಶಿ

ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಹಲವು ದಶಕಗಳ ಕಾಲ ಚಿತ್ರವೆಂದರೆ ಫಿಲ್ಮ್. ಅದನ್ನು ದೊಡ್ಡ ಲಕೋಟೆಯಲ್ಲಿಟ್ಟು ದಾಖಲೆ ಕೊಠಡಿಯಲ್ಲಿ ಜೋಡಿಸುತ್ತಿದ್ದರು. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಸ್ಕ್ಯಾನ್ ನಡೆಯಿತು. ಆ ಯಂತ್ರವನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆಗಿನ ಒಂದು ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80, ಒಟ್ಟು 6,400 ಚುಕ್ಕೆಗಳಿದ್ದವು. ಇಂದು ಸಾಮಾನ್ಯವಾಗಿ 512ಕ್ಕೆ 512, ಅಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಇಂತಹ ಒಂದು ಚಿತ್ರಕ್ಕೆ ಸುಮಾರು ಅರ್ಧ ಎಂ.ಬಿ. ಜಾಗ ಬೇಕು. ಎದೆಯ ಒಂದು ಸ್ಕ್ಯಾನಿನಲ್ಲಿ 400 ಚಿತ್ರಗಳಿದ್ದರೆ 200 ಎಂ.ಬಿ. ದಿನಕ್ಕೆ ಇಂತಹ 20 ಸ್ಕ್ಯಾನ್ ಮಾಡುವ ಕೇಂದ್ರದಲ್ಲಿ ವರ್ಷಕ್ಕೆ ಒಂದು ಸಾವಿರ ಜಿ.ಬಿ.ಗಿಂತ ಹೆಚ್ಚು ಮಾಹಿತಿ ಸೇರುತ್ತದೆ. ಎಂ.ಆರ್.ಐ., ಅಲ್ಟ್ರಾಸೌಂಡ್, ಎಕ್ಸ್-ರೇಗಳ ಲೆಕ್ಕ ಬೇರೆ.

ಈ ಚಿತ್ರಗಳನ್ನು ಇಟ್ಟುಕೊಂಡು ವೈದ್ಯರ ಮೇಜಿಗೆ ತಲುಪಿಸುವ ವ್ಯವಸ್ಥೆಗೆ 'ಪ್ಯಾಕ್ಸ್' ಎನ್ನುತ್ತಾರೆ. ಒಂದು ಕಾಲದಲ್ಲಿ ಪ್ರತಿ ಕಂಪೆನಿಯ ಯಂತ್ರವೂ ತನ್ನದೇ ರೀತಿಯಲ್ಲಿ ಚಿತ್ರವನ್ನು ಉಳಿಸುತ್ತಿತ್ತು. ಒಂದರ ಚಿತ್ರ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಅಮೆರಿಕದ ರೇಡಿಯಾಲಜಿ ತಜ್ಞರ ಸಂಘ ಮತ್ತು ಯಂತ್ರ ತಯಾರಕರ ಸಂಘ ಸೇರಿ ರೂಪಿಸಿದ 'ಡೈಕಾಮ್' ಎಂಬ ಸಮಾನ ಮಾದರಿ 1993ರಲ್ಲಿ ಬಂತು. ಈಗ ಜಗತ್ತಿನಾದ್ಯಂತ ಅದೇ ಬಳಕೆಯಲ್ಲಿದೆ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಂಗ್ರಹ ಬದಲಾಗುವಾಗ

ಸರ್ವರ್ ತುಂಬುತ್ತದೆ, ಹಾರ್ಡ್‌ಡಿಸ್ಕ್ ಹಳತಾಗುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಆಸ್ಪತ್ರೆಗಳು ಸಂಗ್ರಹ ವ್ಯವಸ್ಥೆಯನ್ನು ಬದಲಿಸಲೇಬೇಕು. ಹೊಸ ಚಿತ್ರಗಳನ್ನು ವೇಗದ ಡಿಸ್ಕಿನಲ್ಲಿ, ಹಳೆಯದನ್ನು ಅಗ್ಗದ ನಿಧಾನ ಡಿಸ್ಕಿನಲ್ಲಿ ಅಥವಾ ಟೇಪಿನಲ್ಲಿ ಇಡುವುದುಂಟು. ಕೆಲವರು ಬಾಡಿಗೆಯ ಕ್ಲೌಡ್ ಸೇವೆ ಬಳಸುತ್ತಾರೆ. ಹಳೆಯ ಸಂಗ್ರಹದಿಂದ ಹೊಸದಕ್ಕೆ ಲಕ್ಷಾಂತರ ಚಿತ್ರಗಳನ್ನು ಸಾಗಿಸಲು ತಿಂಗಳುಗಳೇ ಹಿಡಿಯಬಹುದು. ಏಕೆಂದರೆ ದಿನನಿತ್ಯದ ಕೆಲಸ ನಿಲ್ಲುವಂತಿಲ್ಲ. ಹೀಗೆ ಸಾಗಿಸುವಾಗ ತೊಂದರೆಯಾಗುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಹೆಸರು. ನಮ್ಮ ಮನೆಗಳಲ್ಲಿ ಇದು ದೊಡ್ಡ ಸಮಸ್ಯೆ. ಒಬ್ಬರೇ ವ್ಯಕ್ತಿ ಒಮ್ಮೆ ಮುಹಮ್ಮದ್, ಇನ್ನೊಮ್ಮೆ ಮೊಹಮ್ಮದ್, ಮತ್ತೊಮ್ಮೆ ಬರೀ 'ಎಂ.ಡಿ.' ಆಗಿರುತ್ತಾರೆ. ಫಾತಿಮಾ ಬೇರೆ ಚೀಟಿಯಲ್ಲಿ ಫಾತಿಮತ್ ಆಗುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಅಕ್ಷರಗಳು ಇನ್ನಷ್ಟು ಬದಲಾಗುತ್ತವೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಚಿತ್ರ ಸಂಗ್ರಹದಲ್ಲಿದ್ದರೂ ನಿಮ್ಮ ಹೆಸರಿನಲ್ಲಿ ಹುಡುಕಿದಾಗ ಸಿಗುವುದಿಲ್ಲ.

ಎರಡನೆಯದು ಅವಧಿ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಅವಧಿ ಮೀರಿದ ಚಿತ್ರಗಳನ್ನು ಹೊಸ ವ್ಯವಸ್ಥೆಗೆ ಸಾಗಿಸದೆ ಬಿಟ್ಟುಬಿಡುವ ಸಾಧ್ಯತೆ ಇದೆ.

ಮೂರನೆಯದು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ತಂತ್ರಜ್ಞರ ನಿಯಮ. ಸಾಗಿಸಿದ ಚಿತ್ರಗಳನ್ನು ಎಣಿಸಿ, ತೆರೆದು ಪರೀಕ್ಷಿಸಿದ ನಂತರವೇ ಹಳೆಯ ಯಂತ್ರವನ್ನು ತೆಗೆಯಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆದಾಗ ಅಲ್ಲಿನ ಸಿಬ್ಬಂದಿ ಹಲವು ದಿನ ಕಾಗದದಲ್ಲಿ ಬರೆದೇ ಕೆಲಸ ಮಾಡಬೇಕಾಯಿತು. ಬ್ಯಾಕಪ್ ಇದ್ದುದರಿಂದ ಮಾಹಿತಿಯನ್ನು ಮರಳಿ ತರಲು ಸಾಧ್ಯವಾಯಿತು.

ಚಿತ್ರ ಉಳಿದರೆ ಸಾಲದು, ಕಂಡವರ ಕಣ್ಣಿಗೂ ಬೀಳಬಾರದು. 2019ರಲ್ಲಿ ಗ್ರೀನ್‌ಬೋನ್ ಎಂಬ ಜರ್ಮನ್ ಸಂಸ್ಥೆ ಹಲವು ದೇಶಗಳ ಸುಮಾರು 2,300 ಚಿತ್ರ ಸಂಗ್ರಹಗಳನ್ನು ಪರಿಶೀಲಿಸಿತು. ಅವುಗಳಲ್ಲಿ 590 ಸಂಗ್ರಹಗಳು ಬೀಗ ಹಾಕದ ಮನೆಯಂತೆ ಇಂಟರ್ನೆಟ್ಟಿನಲ್ಲಿ ತೆರೆದುಕೊಂಡಿದ್ದವು. ರೋಗಿಗಳ ಹೆಸರು, ಜನ್ಮದಿನಾಂಕವೂ ಅದರಲ್ಲಿ ಕಾಣುತ್ತಿತ್ತು. ಭಾರತದ ಸಂಗ್ರಹಗಳೂ ಆ ಪಟ್ಟಿಯಲ್ಲಿದ್ದವು. ತನ್ನ ದೇಹದ ಚಿತ್ರವನ್ನು ಯಾರು ನೋಡಬಹುದು ಎಂದು ಕೇಳುವ ಹಕ್ಕು ಪ್ರತಿ ಹೆಣ್ಣುಮಗಳಿಗೂ ಇದೆ.

ಫಿಲ್ಮ್ ಇದ್ದರೆ ಸಾಲದೇ?

ಫಿಲ್ಮ್ ಮತ್ತು ರಿಪೋರ್ಟ್ ಎರಡೂ ಬೇಕು. ಆದರೆ ಸಿ.ಟಿ. ಫಿಲ್ಮಿನಲ್ಲಿ ಇರುವುದು ಆಯ್ದ ಕೆಲವು ಚಿತ್ರಗಳು ಮಾತ್ರ. ಮೂಲ ಡೈಕಾಮ್ ಚಿತ್ರ ಇದ್ದರೆ ವೈದ್ಯರು ಬೆಳಕನ್ನು ಹೊಂದಿಸಿ ಅದೇ ಸ್ಕ್ಯಾನಿನಲ್ಲಿ ಶ್ವಾಸಕೋಶವನ್ನೂ ಎಲುಬನ್ನೂ ಬೇರೆ ಬೇರೆಯಾಗಿ ನೋಡಬಹುದು, ಗಂಟಿನ ಗಾತ್ರವನ್ನು ಅಳೆಯಬಹುದು. ಫಿಲ್ಮಿನ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದರೆ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ.

ಇನ್ನೊಂದು ಕಾರಣವೂ ಇದೆ. ಎದೆಯ ಒಂದು ಎಕ್ಸ್-ರೇಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್. ಎದೆಯ ಸಿ.ಟಿ.ಯಿಂದ ಸುಮಾರು 6 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆ ಒಂದು ವರ್ಷದಲ್ಲಿ ಸಹಜವಾಗಿ ತಗಲುವುದು ಜಗತ್ತಿನ ಸರಾಸರಿಯಲ್ಲಿ 2.4. ವೈದ್ಯರು ಅಗತ್ಯವೆಂದರೆ ಸ್ಕ್ಯಾನ್ ಮಾಡಿಸಲು ಹೆದರಬೇಡಿ. ಆದರೆ ಹಳೆಯದು ಕಳೆದುಹೋಯಿತು ಎಂಬ ಒಂದೇ ಕಾರಣಕ್ಕೆ ಅದನ್ನೇ ಮತ್ತೆ ಮಾಡಿಸುವುದು ದೇಹಕ್ಕೂ ಜೇಬಿಗೂ ವೃಥಾ ಹೊರೆ.

ನೀವು ಮಾಡಬೇಕಾದುದು

• ಸಿ.ಟಿ., ಎಂ.ಆರ್.ಐ., ಮ್ಯಾಮೊಗ್ರಾಂ ಮಾಡಿಸಿದ ದಿನವೇ "ಡೈಕಾಮ್ ಚಿತ್ರಗಳನ್ನು ಸಿ.ಡಿ. ಅಥವಾ ಪೆನ್‌ಡ್ರೈವಿನಲ್ಲಿ ಕೊಡಿ" ಎಂದು ಕೌಂಟರಿನಲ್ಲಿ ಕೇಳಿ.

• ಮನೆಗೆ ಬಂದು ತೆರೆದು ನೋಡಿ. ಹೆಚ್ಚಿನ ಸಿ.ಡಿ.ಗಳಲ್ಲಿ ನೋಡುವ ತಂತ್ರಾಂಶವೂ ಇರುತ್ತದೆ. ಇಲ್ಲದಿದ್ದರೆ 'ವೀಸಿಸ್'ನಂತಹ ಉಚಿತ ತಂತ್ರಾಂಶಗಳಿವೆ.

• ಸಿ.ಡಿ. ಗೀರು ಬಿದ್ದು ಹಾಳಾಗಬಹುದು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಜಾಗವೂ ಇಲ್ಲ. ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಹೆಸರು, ದಿನಾಂಕ, ಯಾವ ಅಂಗ ಎಂದು ಬರೆದಿಡಿ.

• ಹೊರಗಿನ ಅಂಗಡಿಯಲ್ಲಿ ಕಾಪಿ ಮಾಡಿಸಿದರೆ ಅಲ್ಲಿನ ಕಂಪ್ಯೂಟರಿನಿಂದ ನಿಮ್ಮೆದುರೇ ಅಳಿಸಲು ಹೇಳಿ.

• ಪ್ರತಿ ಸಲವೂ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಹೆಸರು ಬರೆಸಿ. ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ಜೋಪಾನವಾಗಿಡಿ. ಮತ್ತೆ ಹೋದಾಗ ಹೊಸ ಚೀಟಿ ಮಾಡಿಸದೆ ಅದೇ ಸಂಖ್ಯೆಯನ್ನು ಕೊಡಿ. 14 ಅಂಕಿಗಳ ಆಭಾ ಸಂಖ್ಯೆ ಇದ್ದರೆ ಅದನ್ನೂ ಬರೆಸಿ.

• ಹಳೆಯ ದಾಖಲೆ ಬೇಕಿದ್ದರೆ ಲಿಖಿತ ಅರ್ಜಿ ಕೊಡಿ. ಅದೇ 2002ರ ನಿಯಮಾವಳಿಯಂತೆ ಅದನ್ನು 72 ಗಂಟೆಗಳೊಳಗೆ ಕೊಡಬೇಕು. ಆಸ್ಪತ್ರೆ ಮುಚ್ಚುತ್ತದೆ ಅಥವಾ ಕಂಪ್ಯೂಟರ್ ವ್ಯವಸ್ಥೆ ಬದಲಾಗುತ್ತದೆ ಎಂದು ತಿಳಿದರೆ ತಡಮಾಡಬೇಡಿ.

• ಇ.ಸಿ.ಜಿ. ಮತ್ತು ಅಲ್ಟ್ರಾಸೌಂಡ್ ಪ್ರಿಂಟ್‌ಗಳು ಹೆಚ್ಚಾಗಿ ಶಾಖದಿಂದ ಮುದ್ರಿಸುವ ಕಾಗದದಲ್ಲಿರುತ್ತವೆ. ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಕಪ್ಪಾಗುತ್ತವೆ. ಬೇಗನೆ ಜೆರಾಕ್ಸ್ ಮಾಡಿಸಿಡಿ. ಫಿಲ್ಮುಗಳನ್ನೂ ಬಿಸಿಲು, ಒಲೆಯ ಶಾಖದಿಂದ ದೂರವಿಡಿ.

• ಕೊಲ್ಲಿ ದೇಶಗಳ ಕೆಲಸಕ್ಕೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್-ರೇಯೂ ಇರುತ್ತದೆ. ಕ್ಷಯಕ್ಕೆ ಪೂರ್ತಿ ಚಿಕಿತ್ಸೆ ಪಡೆದವರು ಹಳೆಯ ಎಕ್ಸ್-ರೇ ಮತ್ತು ಚಿಕಿತ್ಸೆ ಮುಗಿದ ದಾಖಲೆಯನ್ನು ಎಂದಿಗೂ ಎಸೆಯಬಾರದು. ಮುಂದೆ ಯಾವ ವೈದ್ಯರು ಆ ಕಲೆಯನ್ನು ಕಂಡರೂ ಅದು ಹಳೆಯದೆಂದು ತಿಳಿಯಲು ಅದೇ ಆಧಾರ.

ಮನೆಯ ಹಿರಿಯರ ಫಿಲ್ಮುಗಳು, ಸಿ.ಡಿ.ಗಳು ಕಪಾಟಿನ ಮೇಲೋ ಮಂಚದ ಕೆಳಗೋ ಬಿದ್ದಿದ್ದರೆ ಈ ವಾರವೇ ಎಲ್ಲವನ್ನೂ ತೆಗೆದು, ದಿನಾಂಕದ ಪ್ರಕಾರ ಜೋಡಿಸಿ ಒಂದೇ ಚೀಲದಲ್ಲಿಡಿ. ವೈದ್ಯರ ಬಳಿ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಆ ಚೀಲವನ್ನೂ ಕೊಂಡೊಯ್ಯಿರಿ.