ರಸಿಕನ ನಿಷ್ಠೆ ಮತ್ತು ಹೊಸ ಧ್ವನಿಮುದ್ರಿಕೆ: ಕುಮಾರ ಗಂಧರ್ವರ ನಿದರ್ಶನ

ಮೆಚ್ಚಿನ ಗಾಯಕನ ಹೊಸ ಧ್ವನಿಮುದ್ರಿಕೆ ಹೊರಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದೊಡನೆ ರಸಿಕನ ಮನಸ್ಸಿನಲ್ಲಿ ಎರಡು ಭಾವಗಳು ಏಕಕಾಲಕ್ಕೆ ಏಳುತ್ತವೆ. ಒಂದು ಹರ್ಷ, ಇನ್ನೊಂದು ಅಳುಕು. ಹರ್ಷದ ಕಾರಣವನ್ನು ವಿವರಿಸಬೇಕಾಗಿಲ್ಲ. ಅಳುಕಾದರೋ, ತಾನು ಇಷ್ಟು ವರ್ಷ ಪ್ರೀತಿಸಿದ ಗಾಯನ ಇದರಲ್ಲಿ ಸಿಕ್ಕೀತೋ ಇಲ್ಲವೋ ಎಂಬುದು. ತಟ್ಟೆಯನ್ನು ತಂದು ಕೇಳಿದ ಮೇಲೆ ಗೆಳೆಯರ ಮುಂದೆ ಆತ ಹೊಗಳುತ್ತಾನೆ. ಆದರೆ ಹೊಗಳಿಕೆಯ ಕೊನೆಯಲ್ಲಿ ಒಂದು ‘ಆದರೂ’ ಅಂಟಿಕೊಂಡಿರುತ್ತದೆ. ಈ ‘ಆದರೂ’ ಎಂಬ ಶಬ್ದ ನಿಷ್ಠೆಯ ಕೊರತೆಯನ್ನು ಸೂಚಿಸುತ್ತದೆಯೇ, ಅಥವಾ ನಿಷ್ಠೆಯ ಒಂದು ಅಂಗವೇ ಆಗಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಚಾರ ಗಾಳಿಯಲ್ಲಿ ತೇಲದಿರಲೆಂದು ನಮಗೆ ಚಿರಪರಿಚಿತರಾದ ಒಬ್ಬ ಗಾಯಕರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅವರು ಪಂಡಿತ ಕುಮಾರ ಗಂಧರ್ವರು.

ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ೧೯೨೪ರ ಏಪ್ರಿಲ್ ೮ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನಿಗೆ ‘ಕುಮಾರ ಗಂಧರ್ವ’ ಎಂಬ ಹೆಸರು ಬಂದುದು ಒಬ್ಬ ಮಠಾಧಿಪತಿಗಳ ಬಾಯಿಂದ. ಹಿರಿಯ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅವರ ಆಲಾಪ, ತಾನು, ಮುರುಕಿಗಳನ್ನು ಇದ್ದಕ್ಕಿದ್ದಂತೆ ಒಪ್ಪಿಸುವ ಶಕ್ತಿ ಆ ಹುಡುಗನಲ್ಲಿತ್ತು. ೧೯೩೦ರ ದಶಕದ ಮಧ್ಯಭಾಗದಲ್ಲಿ ಅಲಹಾಬಾದು, ಮುಂಬಯಿಗಳ ಸಂಗೀತ ಸಭೆಗಳು ಬೆರಗಾದದ್ದು ಇದಕ್ಕೇ. ಅನಂತರ ಮುಂಬಯಿಯ ಒಪೇರಾ ಹೌಸಿನ ಪರಿಸರದಲ್ಲಿದ್ದ ಪ್ರೊಫೆಸರ್ ಬಿ. ಆರ್. ದೇವಧರರ ಶಾಲೆಯಲ್ಲಿ ಅವರ ಶಿಕ್ಷಣ ನಡೆಯಿತು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾಗಿದ್ದರೂ ದೇವಧರರು ಒಂದೇ ಘರಾಣೆಯ ಗೋಡೆಯೊಳಗೆ ಶಿಷ್ಯರನ್ನು ಕೂಡಿಹಾಕಿದವರಲ್ಲ. ಅನುಕರಣದಲ್ಲಿ ಅಸಾಧಾರಣನಾಗಿದ್ದ ಹುಡುಗನಿಗೆ ತನ್ನ ಹಾಡನ್ನು ತಾನೇ ಹುಡುಕಿಕೊಳ್ಳಲು ಬೇಕಾದ ಅವಕಾಶ ಅಲ್ಲಿ ದೊರೆಯಿತು.

ಈ ಮೊದಲ ಕುಮಾರರನ್ನು ಮೆಚ್ಚಿದವರ ಸಂಖ್ಯೆ ದೊಡ್ಡದು. ಅಷ್ಟರಲ್ಲಿ ಕ್ಷಯರೋಗ ಎರಗಿತು. ೧೯೪೮ರ ಆರಂಭದಲ್ಲಿ ಪತ್ನಿ ಭಾನುಮತಿಯವರೊಡನೆ ಮಾಳವದ ಒಣಹವೆಯನ್ನರಸಿ ದೇವಾಸಕ್ಕೆ ಹೋದ ಅವರು ವರ್ಷಗಟ್ಟಲೆ ಹಾಸಿಗೆ ಹಿಡಿದರು. ಹಾಡುವುದು ನಿಷಿದ್ಧವಾಯಿತು. ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಜೀವ ಉಳಿಸಿತಾದರೂ ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಂತಾಯಿತು. ೧೯೫೩ರಲ್ಲಿ ಅವರು ಮತ್ತೆ ಸಭೆಯ ಮುಂದೆ ಕುಳಿತರು. ಹೀಗೆ ಹಿಂದಿರುಗಿದ ಗಾಯಕ ಹೆಸರಿನಿಂದ ಅವರೇ, ಗಾಯನದಿಂದ ಬೇರೆ.

ಬೇರೆಯೆಂದರೆ ಯಾವ ರೀತಿಯಲ್ಲಿ? ಮೊದಲನೆಯದಾಗಿ, ಉಸಿರಿನ ಉದ್ದ ಕುಗ್ಗಿದುದರಿಂದ ಸ್ವರವಾಕ್ಯಗಳು ಚಿಕ್ಕವಾದವು. ಒಂದು ಸ್ವರಗುಚ್ಛ ಮಿಂಚಿನಂತೆ ತಾರಷಡ್ಜಕ್ಕೆ ಏರಿ ನಿಂತುಬಿಡುವುದು, ಬಳಿಕ ಮೌನ, ಆ ಮೌನದಲ್ಲಿ ತಂಬೂರಿಗಳ ನಾದ ಕೇಳಿಸುವುದು. ತಂಬೂರಿಗಳ ಶ್ರುತಿಯ ಬಗ್ಗೆ ಅವರಿಗಿದ್ದ ಕಟ್ಟುನಿಟ್ಟಿನ ಅರ್ಥ ಇಲ್ಲಿ ತಿಳಿಯುತ್ತದೆ: ಗಾಯಕ ಸುಮ್ಮನಾದಾಗ ಹಾಡಬೇಕಾದವು ಅವೇ. ಎರಡನೆಯದಾಗಿ, ವಿಲಂಬಿತ ಲಯದ ದೀರ್ಘ ಬಡ್ಹತ್ತಿಗಿಂತ ಮಧ್ಯಲಯದ ಬಂದಿಶಿಗೆ ಹೆಚ್ಚಿನ ಮಹತ್ತ್ವ ಬಂತು. ಅನೇಕ ಖ್ಯಾಲ್ ಗಾಯಕರಿಗೆ ಚೀಜು ಎಂಬುದು ರಾಗವಿಸ್ತಾರಕ್ಕೆ ಒಂದು ಗೂಟ ಮಾತ್ರ. ಕುಮಾರರಿಗೆ ಅದೇ ರಾಗದ ಮುಖ. ಮೂರನೆಯದಾಗಿ, ರೋಗಶಯ್ಯೆಯಲ್ಲಿದ್ದಾಗ ಕಿವಿಗೆ ಬೀಳುತ್ತಿದ್ದ ಮಾಳವದ ಲೋಕಗೀತಗಳನ್ನು ಅವರು ಸಂಗ್ರಹಿಸಿ ಅಭ್ಯಾಸಮಾಡಿದರು. ರಾಗಗಳ ಬೇರು ಜನಪದ ಧಾಟಿಗಳಲ್ಲಿದೆಯೆಂಬುದು ಅವರ ನಿಲುವು. ಅಂಥ ಧಾಟಿಗಳಿಂದ ತಾವು ಕಂಡುಕೊಂಡ ಮಾಲವತಿ, ಸಂಜಾರಿ, ಲಗನ ಗಂಧಾರ ಮೊದಲಾದುವನ್ನು ‘ಧುನ್ ಉಗಮ’ ರಾಗಗಳೆಂದು ಕರೆದರು. ಇವುಗಳ ಬಂದಿಶ್‌ಗಳು ೧೯೬೫ರಲ್ಲಿ ‘ಅನೂಪರಾಗವಿಲಾಸ’ವೆಂಬ ಗ್ರಂಥದಲ್ಲಿ ಪ್ರಕಟವಾದವು. ನಾಲ್ಕನೆಯದಾಗಿ, ಒಂದೊಂದು ವಿಷಯವನ್ನು ಹಿಡಿದು ಇಡೀ ಕಾರ್ಯಕ್ರಮವನ್ನು ಕಟ್ಟುವ ಪದ್ಧತಿ. ‘ಗೀತವರ್ಷಾ’, ಕಬೀರ-ಸೂರದಾಸ-ಮೀರೆಯರ ‘ತ್ರಿವೇಣಿ’, ಬಾಲಗಂಧರ್ವರ ನಾಟ್ಯಗೀತಗಳನ್ನು ತಾವು ಅರಿತ ಬಗೆಯಲ್ಲಿ ಹಾಡಿದ ‘ಮಲಾ ಉಮಜಲೇಲೇ ಬಾಲಗಂಧರ್ವ’ ಈ ಬಗೆಯವು.

ಇವೆಲ್ಲ ಕ್ರಮೇಣ ತಟ್ಟೆಗಳ ಮೂಲಕವೂ ಮನೆಗಳನ್ನು ಸೇರಿದಾಗ ಹಳೆಯ ರಸಿಕನಿಗೆ ಉಂಟಾದ ತಳಮಳ ಸುಲಭವಾಗಿ ಊಹಿಸತಕ್ಕದ್ದು. ಅವನ ಆಕ್ಷೇಪಣೆಗಳು ಪೊಳ್ಳಲ್ಲ. ವಿಲಂಬಿತದಲ್ಲಿ ರಾಗ ಮೆಲ್ಲನೆ ಅರಳುವ ಸುಖ ಕಡಮೆಯಾಯಿತೆನ್ನುವವನು ಒಂದು ನಿಜವಾದ ನಷ್ಟವನ್ನೇ ಹೇಳುತ್ತಿದ್ದಾನೆ. ಪರಂಪರೆಯ ರಾಗಗಳನ್ನೇ ಒಂದು ಜನ್ಮದಲ್ಲಿ ಹಾಡಿ ಮುಗಿಸಲಾಗದಿರುವಾಗ ಹೊಸವು ಏತಕ್ಕೆ ಎಂಬ ಪ್ರಶ್ನೆಗೂ ತೂಕವಿದೆ. ಬಾಲಗಂಧರ್ವರ ಒಂದೊಂದು ಹರಕತ್ತನ್ನೂ ಕಂಠಸ್ಥ ಮಾಡಿಕೊಂಡ ಮರಾಠಿ ನಾಟ್ಯಪ್ರೇಮಿಗಂತೂ ಎರಡು ನಿಷ್ಠೆಗಳ ನಡುವಿನ ಇಕ್ಕಟ್ಟು. ಬಾಲ್ಯದಲ್ಲಿ ಯಾರ ಹಾಡನ್ನಾದರೂ ಪಡಿಯಚ್ಚಾಗಿ ಇಳಿಸಬಲ್ಲವನಾಗಿದ್ದ ಗಾಯಕ ಈಗ, ಬೇಕೆಂದೇ, ಪಡಿಯಚ್ಚನ್ನು ಬಿಟ್ಟು ತನ್ನ ತಿಳಿವಳಿಕೆಯನ್ನು ಹಾಡುತ್ತಿದ್ದಾನಲ್ಲ!

ಆದರೆ ಈ ತಳಮಳದಲ್ಲಿ ಧ್ವನಿಮುದ್ರಣ ಯಂತ್ರದ ಪಾಲೂ ಇದೆಯೆಂಬುದನ್ನು ನಾವು ಮರೆಯುತ್ತೇವೆ. ಹಳೆಯ ೭೮ ಸುತ್ತಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಬಳಿಕ ಬಂದ ದೀರ್ಘಾವಧಿಯ ತಟ್ಟೆಯಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷಗಳಷ್ಟು. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಹಬ್ಬುವ ರಾಗದ ಒಂದು ದಿನದ ಒಂದು ರೂಪ ಮಾತ್ರ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಸಂಗೀತದ ಸ್ವಭಾವವೇ ಪ್ರತಿ ಸಲ ಬೇರೆಯಾಗುವುದು. ತಟ್ಟೆಯ ಸ್ವಭಾವ ಪ್ರತಿ ಸಲ ಒಂದೇ ಆಗಿರುವುದು. ರಸಿಕ ಆ ಒಂದು ರೂಪವನ್ನು ನೂರಾರು ಸಲ ಕೇಳುತ್ತಾನೆ. ಎಲ್ಲಿ ಗಾಯಕ ಉಸಿರೆಳೆದ, ಎಲ್ಲಿ ತಬಲಾದ ಗುಮಕಿ ಬಿತ್ತು ಎಂಬುದೂ ಅವನಿಗೆ ಗೊತ್ತು. ಕಾಲಾಂತರದಲ್ಲಿ ಆ ತಟ್ಟೆಯೇ ರಾಗದ ಪ್ರಮಾಣವಾಗಿಬಿಡುತ್ತದೆ. ಅದರ ಸುತ್ತ ಅವನ ಸ್ವಂತ ಜೀವನವೂ ಸುತ್ತಿಕೊಂಡಿರುತ್ತದೆ: ಬಾಡಿಗೆಯ ಖೋಲಿ, ಮೊದಲ ಸಂಬಳ, ಈಗ ಇಲ್ಲದ ಗೆಳೆಯ. ಹೊಸ ತಟ್ಟೆ ಬಂದಾಗ ಅದು ಸ್ಪರ್ಧಿಸಬೇಕಾದುದು ಹಳೆಯ ಹಾಡಿನೊಡನೆ ಮಾತ್ರವಲ್ಲ, ಕೇಳುವವನ ಯೌವನದೊಡನೆ. ಆ ಸ್ಪರ್ಧೆಯಲ್ಲಿ ಯಾವ ಗಾಯಕನೂ ಗೆಲ್ಲಲಾರ.

ಧಾರವಾಡ ಸೀಮೆಯ ಇತರ ಗಾಯಕರಲ್ಲೂ ಇಂಥ ಪರಿವರ್ತನೆಗಳಿವೆ. ಕಾರಣಗಳು ಮಾತ್ರ ಬೇರೆ. ಗಂಗೂಬಾಯಿ ಹಾನಗಲ್ಲರ ೧೯೩೦ರ ದಶಕದ ತಟ್ಟೆಗಳಲ್ಲಿ ಕೇಳುವುದು ಎತ್ತರದ ಸಣ್ಣ ಕಂಠ. ಗಂಟಲಿನ ಚಿಕಿತ್ಸೆಯ ಅನಂತರ ಅದು ಇಳಿದು, ನಮಗೆಲ್ಲ ಪರಿಚಿತವಾದ ಗಂಡುದನಿಯ ಗಾಂಭೀರ್ಯವನ್ನು ತಾಳಿತು. ಅಲ್ಲಿ ಬದಲಾವಣೆ ದೇಹದ್ದು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು ಹೆಸರು ಪಡೆದಮೇಲೆ ಮಂಜಿಖಾನರನ್ನೂ, ಅವರು ತೀರಿಕೊಂಡ ಬಳಿಕ ಭುರ್ಜಿಖಾನರನ್ನೂ ಆಶ್ರಯಿಸಿ ಜೈಪುರ-ಅತ್ರೌಲಿಯ ಮಾರ್ಗವನ್ನು ಹಿಡಿದರು. ಅಲ್ಲಿ ಬದಲಾವಣೆ ವಿದ್ಯೆಯದು. ಕುಮಾರರಲ್ಲಿ ದೇಹ, ವಿದ್ಯೆ ಎರಡರ ಜೊತೆಗೆ ನೆಲವೂ ಬದಲಾಯಿತು. ಅವರ ಹೊಸ ಗಾಯನಕ್ಕೆ ಕಾರಣವೆಲ್ಲ ಶ್ವಾಸಕೋಶದಲ್ಲಿತ್ತೆನ್ನುವುದು ಸರಿಯಲ್ಲ. ಕ್ಷಯ ಬಾಧಿಸದೆ ಇದ್ದಿದ್ದರೂ ಅನುಕರಣದಿಂದ ಹೊರಬರಬೇಕಾದ ಹಾದಿ ಅವರಿಗೆ ಇದ್ದೇ ಇತ್ತು.

ಇಲ್ಲಿ, ನಾಡಿನ ಹೊರಗಿರುವ ಕನ್ನಡಿಗರಾದ ನಮಗೆ ಸಂಬಂಧಿಸಿದ ಒಂದು ವಿಶೇಷವನ್ನು ಹೇಳಲೇಬೇಕು. ಕುಮಾರರ ವಿಷಯದಲ್ಲಿ ನಮ್ಮ ಅಭಿಮಾನಕ್ಕೆ ‘ನಮ್ಮವರು’ ಎಂಬ ಅಂಶ ಬೆರೆತಿದೆ. ಮುಂಬಯಿ, ಪುಣೆಗಳ ಸಭಾಗೃಹದಲ್ಲಿ ಮರಾಠಿ ರಸಿಕರು ತಲೆದೂಗುವಾಗ, ‘ಇವರು ನಮ್ಮ ಬೆಳಗಾವಿಯ ಕಡೆಯವರು’ ಎಂದು ಪಕ್ಕದವನಿಗೆ ಪಿಸುಗುಟ್ಟದ ಕನ್ನಡಿಗ ವಿರಳ. ಆದರೆ ಆತ ಹಾಡುತ್ತಿರುವುದು ಹಿಂದಿಯಲ್ಲಿ, ಮಾಳವಿಯಲ್ಲಿ, ಮರಾಠಿಯಲ್ಲಿ. ಒಂದೊಂದು ಹೊಸ ತಟ್ಟೆ ಬಂದಾಗಲೂ ಈ ಮನುಷ್ಯ ಸುಳೇಭಾವಿಯಿಂದ ಇನ್ನೊಂದು ಹೆಜ್ಜೆ ದೂರ ಹೋದನೆಂದು ಒಳಗೇ ಒಂದು ಕೊರಗು. ಭೀಮಸೇನ ಜೋಶಿಯವರ ಕಂಠದಲ್ಲಿ ದಾಸರ ಪದಗಳು ದೊರೆತವು, ಮನ್ಸೂರರಿಂದ ವಚನಗಳು ದೊರೆತವು. ಕುಮಾರರಿಂದ ಕನ್ನಡಕ್ಕೇನು ದೊರೆಯಿತು ಎಂಬ ಲೆಕ್ಕ.

ಈ ಕೊರಗನ್ನು ನಾನೂ ಅನುಭವಿಸಿದ್ದೇನೆ; ಆದುದರಿಂದಲೇ ಅದನ್ನು ಪರೀಕ್ಷಿಸಬೇಕೆನಿಸಿತು. ಊರು ಬಿಟ್ಟವನು ಊರನ್ನು ತಾನು ಬಿಟ್ಟ ದಿನದ ರೂಪದಲ್ಲೇ ಕಾಪಾಡಿಕೊಳ್ಳುತ್ತಾನೆ. ನಮ್ಮಲ್ಲಿ ಅನೇಕರ ಕನ್ನಡ ನಮ್ಮ ತಂದೆಯವರ ಕಾಲದ ಕನ್ನಡ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯ ಹೊಸ ನುಡಿಕಟ್ಟು ನಮಗೆ ಸೇರುವುದಿಲ್ಲ. ಅದೇ ರೀತಿ ನಮ್ಮ ಗಾಯಕನೂ ನಮ್ಮ ನೆನಪಿನ ಪೆಟ್ಟಿಗೆಯಲ್ಲಿ ಹನ್ನೆರಡು ವರ್ಷದ ಬಾಲಕನಾಗಿಯೇ ಉಳಿಯಬೇಕೆಂದು ಬಯಸುತ್ತೇವೆ. ಕುಮಾರರಾದರೂ ನಮ್ಮಂತೆಯೇ ವಲಸೆ ಹೋದವರು. ಹೋದ ಕಡೆಯಲ್ಲಿ ಅವರು ಕಿಟಕಿಯನ್ನು ಮುಚ್ಚಿಕೊಳ್ಳಲಿಲ್ಲ. ದೇವಾಸದ ಬೀದಿಯ ಹಾಡನ್ನು, ನಾಥಪಂಥದ ಸಾಧುಗಳ ನಿರ್ಗುಣ ಭಜನೆಯನ್ನು ಕಿವಿಗೊಟ್ಟು ಕೇಳಿ ತಮ್ಮದಾಗಿಸಿಕೊಂಡರು. ಇದರಿಂದ ಅವರು ನಮ್ಮವರಲ್ಲದೆ ಹೋದರೇ? ವಚನಗಳ ನಿರಾಡಂಬರ ಮಾತಿಗೆ ಒಗ್ಗಿದ ಕಿವಿ ಅವರ ಕಬೀರ ಭಜನೆಗಳನ್ನು ಕೇಳಿದಾಗ ಪರಕೀಯತೆಯನ್ನು ಅನುಭವಿಸುವುದಿಲ್ಲವೆಂಬುದು ನನ್ನ ಅನುಭವ. ಆದರೆ ಈ ಹೋಲಿಕೆಯನ್ನು ಹಿಡಿದು ಅವರನ್ನು ಮರಳಿ ಕನ್ನಡಕ್ಕೆ ಎಳೆದುಕೊಳ್ಳುವುದು ಬೇಡ. ಮಾಳವಕ್ಕೆ ಸಲ್ಲತಕ್ಕದ್ದು ಮಾಳವಕ್ಕೆ ಸಲ್ಲಲಿ.

೧೯೯೨ರ ಜನವರಿ ೧೨ರಂದು ಕುಮಾರರು ನಿಧನ ಹೊಂದಿದರು. ಆದರೂ ‘ಹೊಸ’ ಧ್ವನಿಮುದ್ರಿಕೆಗಳು ನಿಲ್ಲಲಿಲ್ಲ. ಹಿಂದಿನ ಬೈಠಕ್ಕುಗಳಲ್ಲಿ ಹಿಡಿದಿಟ್ಟ ಗಾಯನ ಕ್ಯಾಸೆಟ್ಟುಗಳಾಗಿ, ಸಿ.ಡಿ.ಗಳಾಗಿ ಹೊರಬಂತು. ಇವುಗಳ ಬಗ್ಗೆಯೂ ರಸಿಕನ ಮನಸ್ಸು ಇಬ್ಬಗೆಯದೇ. ಕೇಳದಿದ್ದ ಒಂದು ರಾಗ ದೊರೆತಾಗ ನಿಧಿ ಸಿಕ್ಕಂತಾಗುತ್ತದೆ. ಕಂಠ ದಣಿದ ದಿನದ ಹಾಡು ದೊರೆತಾಗ, ಗಾಯಕರೇ ಇದ್ದಿದ್ದರೆ ಇದಕ್ಕೆ ಒಪ್ಪುತ್ತಿದ್ದರೋ ಎಂಬ ಸಂಕೋಚ. ಆಶ್ಚರ್ಯವೆಂದರೆ, ಒಂದು ಕಾಲಕ್ಕೆ ಹಳೆಯವರನ್ನು ಕಂಗೆಡಿಸಿದ ಆ ಚಿಕ್ಕ ಸ್ವರವಾಕ್ಯ, ಆ ಮೌನ, ಇವೇ ಮುಂದಿನ ಪೀಳಿಗೆಯ ಕೇಳುಗನಿಗೆ ‘ನಿಜವಾದ ಕುಮಾರ’ರಾದವು. ಅವನಿಗೆ ಇದೇ ಮೊದಲ ಪ್ರೇಮ, ಪ್ರಮಾಣವೂ ಇದೇ.

ಹಾಗಾದರೆ ರಸಿಕನ ನಿಷ್ಠೆಯೆಂದರೇನು? ಬಂದುದನ್ನೆಲ್ಲ ಮೆಚ್ಚುವುದಲ್ಲ, ಅದು ಗಾಯಕನಿಗೂ ಉಪಯೋಗಕ್ಕೆ ಬಾರದು. ಹಳೆಯದನ್ನೇ ಬೇಡುವುದೂ ಅಲ್ಲ. ಆ ಬೇಡಿಕೆ ಈಡೇರಿದ್ದರೆ ಕುಮಾರರು ಹಾಸಿಗೆಯಿಂದ ಎದ್ದಮೇಲೆ ಬಾಯಿ ತೆರೆಯುವಂತೆಯೇ ಇರಲಿಲ್ಲ, ಏಕೆಂದರೆ ಹಳೆಯದನ್ನು ಹಾಡುವ ಉಸಿರು ಅವರಲ್ಲಿ ಉಳಿದಿರಲಿಲ್ಲ. ಹೊಸ ತಟ್ಟೆಯನ್ನು ಕೇಳಿ ನಮಗೆ ಅಸಮಾಧಾನವಾದಾಗ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಕೊರತೆ ಹಾಡಿನಲ್ಲಿದೆಯೇ, ಅಥವಾ ನನ್ನ ನೆನಪಿಗೆ ಅದು ಹೊಂದಲಿಲ್ಲವೆಂಬುದಷ್ಟೇ ದೂರೇ? ಉತ್ತರ ಮೊದಲ ಸಲಕ್ಕೆ ಸಿಗದು, ಮತ್ತೆ ಕೇಳಬೇಕು. ಕೇಳಿದಮೇಲೂ ‘ಆದರೂ’ ಉಳಿದರೆ ಅದನ್ನು ನಿಸ್ಸಂಕೋಚವಾಗಿ ಹೇಳಬಹುದು. ಮೆಚ್ಚದೆ ಇದ್ದರೂ ಮತ್ತೊಮ್ಮೆ ಕೇಳಲು ಕುಳಿತುಕೊಳ್ಳುವವನ ಆಕ್ಷೇಪಣೆಯಲ್ಲಿ ನಿಷ್ಠೆ ಇದ್ದೇ ಇರುತ್ತದೆ.