ಗುಂಡಿಗೆಯೊಳಗಣ ತಿಪ್ಪೆ

ಕೂಡ್ಲಿಗಿಯಿಂದ ಕೊಟ್ಟೂರಿನತ್ತ ಸಾಗುವ ಹಾದಿಯಲ್ಲಿ, ಮುಂಗಾರಿನ ಮೊದಲ ಹನಿಗೆ ಮುನ್ನ, ತಿಪ್ಪೆ ಬಗಿದು ಬಂಡಿಗೆ ತುಂಬುವುದನ್ನು ಕಂಡವರು ಬಲ್ಲರು: ಮೇಲೆ ದನ ತಿಂದುಳಿಸಿದ ಶೇಂಗಾ ಹೊಟ್ಟು, ಗುದ್ದಲಿ ಮೊಳದಾಳಕ್ಕಿಳಿದರೆ ಕಪ್ಪಗೆ, ಬೆಚ್ಚಗೆ, ಪುಡಿಪುಡಿಯಾದ ಗೊಬ್ಬರ. ಮನೆಯ ಕಸವೇ ಹೊಲದ ಕಸುವಾಗುವ ಈ ವ್ಯವಹಾರವು ನಮ್ಮ ಹೃದಯದ ಒಂದೊಂದು ಸ್ನಾಯುಕೋಶದಲ್ಲಿಯೂ ಹಗಲಿರುಳು ನಡೆದಿದೆ. ಹಳತಾದ ಪ್ರೋಟೀನುಗಳನ್ನೂ ಬಳಲಿದ ಮೈಟೊಕಾಂಡ್ರಿಯಗಳನ್ನೂ ಕೋಶವು ಪೊರೆಯೊಂದರಲ್ಲಿ ಸುತ್ತಿ, ಲೈಸೊಸೋಮ್ ಎಂಬ ಪಾಚಕ ಚೀಲಕ್ಕೊಪ್ಪಿಸಿ, ಕರಗಿ ಬಂದುದನ್ನು ಮರಳಿ ಬಳಸಿಕೊಳ್ಳುತ್ತದೆ. 1963ರಲ್ಲಿ ಬೆಲ್ಜಿಯಮಿನ ಕ್ರಿಸ್ಟಿಯನ್ ಡಿ ಡ್ಯೂವ್ ಇದನ್ನು ಆಟೊಫೇಜಿ, ಎಂದರೆ ಸ್ವಭಕ್ಷಣ, ಎಂದು ಕರೆದರು. ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಹುಡುಕಿ ತೆಗೆದ ಜಪಾನಿನ ಯೋಶಿನೊರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಸಂದಿತು. ಬೆಂಗಳೂರಿನ ಜಕ್ಕೂರಿನಲ್ಲಿ ರವಿ ಮಂಜಿತ್ತಾಯರ ಪ್ರಯೋಗಶಾಲೆಯೂ ಯೀಸ್ಟನ್ನು ಸಾಕಿಕೊಂಡೇ ಈ ವಿದ್ಯೆಯ ಬೆನ್ನು ಹತ್ತಿದೆ.

ಹುಟ್ಟಿದ ಮೇಲೆ ಹೃದಯದ ಸ್ನಾಯುಕೋಶ ಒಡೆದು ಎರಡಾಗುವುದು ಅತ್ಯಪರೂಪ. ಆದಕಾರಣ ರಕ್ತದೊತ್ತಡವು ವರ್ಷಾನುಗಟ್ಟಲೆ ಏರಿ ನಿಂತಾಗ, ಸಂಖ್ಯೆಯಲ್ಲಿ ಬೆಳೆಯಲಾರದ ಕೋಶವು ಗಾತ್ರದಲ್ಲಿ ಬೆಳೆದು, ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಹರಪನಹಳ್ಳಿಯ ಹಿರಿಯರೊಬ್ಬರು ಎಕೋ ಚೀಟಿಯನ್ನು ಬಿಚ್ಚಿ ತೋರಿಸುತ್ತ "ಗುಂಡಿಗಿ ದಪ್ಪಾಗೇತಂತ್ರಿ" ಎಂದಾಗ ಆ ದನಿಯಲ್ಲಿ ಅರ್ಧ ಹೆಮ್ಮೆಯೇ ಇತ್ತು!

ಹಾಗಾದರೆ ಹೀಗೆ ಒಡೆದು ಹೆಚ್ಚಲಾರದ ಕೋಶಕ್ಕೆ, ತನ್ನ ಕಸವನ್ನು ತಾನೇ ಕಳೆಯುವ ಸ್ವಭಕ್ಷಣ ಹೆಚ್ಚಿದಷ್ಟೂ ಲೇಸೆ? 2007ರಲ್ಲಿ ಒಸಾಕಾದ ವಿಜ್ಞಾನಿಗಳು ಬೆಳೆದ ಇಲಿಗಳ ಹೃದಯದಲ್ಲಿ ಅದಕ್ಕೆ ಬೇಕಾದ ವಂಶವಾಹಿಯೊಂದನ್ನು ಅಳಿಸಲು, ಹೃದಯ ಹಿಗ್ಗಿ ದುರ್ಬಲವಾಯಿತು. ಅದೇ ವರ್ಷ ಡಲ್ಲಾಸಿನವರು, ಮಹಾಧಮನಿಯನ್ನು ಬಿಗಿದು ಭಾರ ಹೇರಿದ ಇಲಿಗಳಲ್ಲಿ ಸ್ವಭಕ್ಷಣವನ್ನು ತಗ್ಗಿಸಲು, ಹಾನಿಯೇ ತಗ್ಗಿತು. ಹಸಿ ಗೊಬ್ಬರ ಅತಿಯಾದರೆ ಬೆಳೆ ಸುಡುವುದೆಂದು ಬಲ್ಲ ಹಗರಿಬೊಮ್ಮನಹಳ್ಳಿಯ ಒಕ್ಕಲಿಗನಿಗೆ ಇದರಲ್ಲಿ ವಿರೋಧ ಕಾಣದು. ಸ್ವಭಕ್ಷಣವನ್ನು ಕೆರಳಿಸುವ ರಪಮೈಸಿನ್ ಇಲಿಗಳ ದಪ್ಪ ಹೃದಯವನ್ನು ಕುಗ್ಗಿಸಿದ್ದುಂಟು. ಆದರೆ ಅದು ಮೂತ್ರಪಿಂಡ ಕಸಿಯಾದವರಿಗೆ ಕೊಡುವ, ದೇಹದ ರೋಗನಿರೋಧಕ ಬಲವನ್ನೇ ಅಡಗಿಸುವ ಮದ್ದು. ಬಿ.ಪಿ.ಯ ಸಾಧಾರಣ ಗುಳಿಗೆಯಾದರೋ ಒತ್ತಡವನ್ನಿಳಿಸಿ, ತಿಂಗಳುಗಳ ಮೇಲೆ ಆ ಗೋಡೆಯನ್ನೂ ತೆಳುವಾಗಿಸಬಲ್ಲುದು.

ಹಸಿವು ಸ್ವಭಕ್ಷಣವನ್ನು ಎಬ್ಬಿಸುತ್ತದೆಂಬುದನ್ನು ಹಡಗಲಿಯ ನಮ್ಮ ಸೋದರತ್ತೆಗೆ ಹೇಳಿ ನಾನು ಪೇಚಿಗೆ ಸಿಕ್ಕಿದೆ. ಶ್ರಾವಣ ಸೋಮವಾರದ ಒಪ್ಪತ್ತಿನ ದಿನ ಆಕೆ ಗುಳಿಗೆಯನ್ನೂ ಬಿಡುವಾಕೆ.

"ಒಪ್ಪತ್ತು ಮಾಡ್ರಿ ಅತ್ತಿ, ಡಾಕ್ಟರನ್ನ ಕೇಳಿ ಮಾಡ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಎಂದೆ.

ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸದೆಯೇ ಆಕೆ, "ನುಂಗಿದ್ರ ಒಪ್ಪತ್ತು ಕೆಡೂದಿಲ್ಲೇನಪಾ?" ಎಂದಳು.